ಟ್ರಾನ್ಸಿಸ್ಟರ್ ಇಲ್ಲದ ಸ್ಕ್ರೀನ್ ಜೊತೆ ಒಂದು ಬೇಸಿಗೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಪಂಪ್‌ಸೆಟ್ ಪ್ಯಾನೆಲ್‌ಗೆ ಮೀಟರ್ ಬೋರ್ಡ್ ಮಾಡಿಕೊಡುತ್ತೇನೆ. ವೋಲ್ಟೇಜ್, ಆಂಪ್ಸ್ ತೋರಿಸಿದರೆ ಸಾಕು. ಮೊದಲು ಬಣ್ಣದ ಟಿಎಫ್‌ಟಿ, ಅಂದರೆ ಚುಕ್ಕಿಗೊಂದು ಟ್ರಾನ್ಸಿಸ್ಟರ್ ಇರುವ ಸ್ಕ್ರೀನ್ ಹಾಕಿದ್ದೆ. ಮೇಜಿನ ಮೇಲೆ ಚೆನ್ನಾಗಿತ್ತು. ಪಾಂಡವಪುರದ ಹತ್ತಿರ ಗದ್ದೆ ಬದುವಿನ ಬಿಸಿಲಲ್ಲಿ ಏನೂ ಕಾಣಲಿಲ್ಲ. ಬೆಲೆಯೂ ಜಾಸ್ತಿ. ಹಾಗಾಗಿ 128×64 ಚುಕ್ಕಿಯ ಎಸ್‌ಟಿಎನ್ ಎಂಬ ಬಗೆಯ ಎಲ್‌ಸಿಡಿ (ದ್ರವ ಹರಳಿನ) ಪ್ಯಾನೆಲ್ ಹಿಡಿದೆ. ಅದರ ಗಾಜಿನ ಮೇಲೆ ಒಂದೂ ಟ್ರಾನ್ಸಿಸ್ಟರ್ ಇಲ್ಲ.

ನಮ್ಮ ಹುಡುಗನಿಗೆ ಇದನ್ನು ನಾಲೆ ನೀರಿನ ಲೆಕ್ಕದಲ್ಲಿ ಹೇಳಿದೆ. ವಿ.ಸಿ. ನಾಲೆಯಲ್ಲಿ ಕಟ್ಟು ಪದ್ಧತಿ ಇದ್ದರೆ ಸರದಿ ಬಂದಾಗ ಮಾತ್ರ ನೀರು, ಅಲ್ವಾ? ಟಿಎಫ್‌ಟಿಯಲ್ಲಿ ಒಂದೊಂದು ಚುಕ್ಕಿಗೂ ಒಂದೊಂದು ತೂಬು, ಅದೇ ಟ್ರಾನ್ಸಿಸ್ಟರ್. ಸರದಿಯಲ್ಲಿ ತುಂಬಿಕೊಂಡು ಮುಚ್ಚಿಕೊಳ್ಳುತ್ತದೆ. ಎಸ್‌ಟಿಎನ್‌ನಲ್ಲಿ ತೂಬೇ ಇಲ್ಲ. 64 ಸಾಲಿದ್ದರೆ ಪ್ರತಿ ಸಾಲಿಗೆ 64ರಲ್ಲಿ ಒಂದು ಪಾಲು ಹೊತ್ತು. ಉಳಿದ ಹೊತ್ತೆಲ್ಲ ಪಕ್ಕದವರ ನೀರು ಜಿನುಗುತ್ತಲೇ ಇರುತ್ತದೆ. ಸುಮ್ನೆ ಇರಬೇಕಾದ ಚುಕ್ಕಿಗೂ ಒಂದಿಷ್ಟು ವೋಲ್ಟೇಜ್ ಸಿಗುತ್ತದೆ.

ಆಲ್ಟ್ ಮತ್ತು ಪ್ಲೆಶ್ಕೊ ಎಂಬ ಇಬ್ಬರು ಸಂಶೋಧಕರು 1974ರಲ್ಲೇ ಇದರ ಮಿತಿಯನ್ನು ಲೆಕ್ಕ ಹಾಕಿದ್ದಾರೆ. ಆನ್ ಚುಕ್ಕಿಗೆ ಸಿಗುವ ವೋಲ್ಟೇಜಿಗೂ ಆಫ್ ಚುಕ್ಕಿಗೆ ಸಿಗುವ ವೋಲ್ಟೇಜಿಗೂ ಇರುವ ಅನುಪಾತ 16 ಸಾಲಿಗೆ 1.29. 64 ಸಾಲಿಗೆ 1.13. ಅಂದರೆ ಕಪ್ಪು ಚುಕ್ಕಿಗೂ ಖಾಲಿ ಚುಕ್ಕಿಗೂ ಇರುವ ವೋಲ್ಟೇಜ್ ಅಂತರ ಶೇ. 13 ಅಷ್ಟೇ. ದ್ರವ ಹರಳಿನ ಅಣುಗಳ ಸಾಲನ್ನು 90 ಡಿಗ್ರಿ ತಿರುಚಿದ ಹಳೇ ಮಾದರಿಯ ಟಿಎನ್‌ಗೆ ಇದು ಸಾಲದು. ಎಸ್‌ಟಿಎನ್‌ನಲ್ಲಿ 180ರಿಂದ 270 ಡಿಗ್ರಿ ತಿರುಚಿರುತ್ತಾರೆ, ಅಷ್ಟೇ ಅಂತರಕ್ಕೆ ಹರಳು ಮಗುಚಿಕೊಳ್ಳುತ್ತದೆ. ಡೇಟಾಶೀಟಿನ 1/9 ಬಯಾಸ್ (ವೋಲ್ಟೇಜನ್ನು ಮೆಟ್ಟಿಲಾಗಿ ಹಂಚುವ ಪ್ರಮಾಣ) ಕೂಡ ಇದೇ ಲೆಕ್ಕದ್ದು: 64ರ ವರ್ಗಮೂಲ 8, ಅದಕ್ಕೆ 1 ಸೇರಿಸಿ.

ಈ ಶೇ. 13 ಎಷ್ಟು ನಾಜೂಕು ಅಂತ ಏಪ್ರಿಲ್‌ನಲ್ಲಿ ಗೊತ್ತಾಯಿತು. ಕಾಂಟ್ರಾಸ್ಟ್ ಹೊಂದಿಸುವ ಸಣ್ಣ ತಿರುಪು, ಅಂದರೆ ಟ್ರಿಮ್‌ಪಾಟನ್ನು ಬೆಳಗಿನ ತಂಪಲ್ಲಿ ತಿರುಗಿಸಿ, ನೇಲ್ ಪಾಲಿಶ್ ಹಾಕಿ ಭದ್ರ ಮಾಡಿ ಕಳಿಸಿದ್ದೆ. ವಾರಕ್ಕೇ ಫೋನ್ ಬಂತು. "ಸಾ, ನಿಮ್ ಡಬ್ಬ ಮದ್ಯಾನ ಆದ್ರೆ ಮಕ ಕಪ್ಗೆ ಮಾಡ್ಕತದೆ."

ಸೆಕೆ ಏರಿದರೆ ದ್ರವ ಹರಳಿಗೆ ಕಡಿಮೆ ವೋಲ್ಟೇಜೇ ಸಾಕಾಗುತ್ತದೆ. ಆಫ್ ಇರಬೇಕಾದ ಚುಕ್ಕಿಗಳೂ ಆನ್ ಆಗುತ್ತವೆ. ಕಾಂಟ್ರಾಸ್ಟ್ ವೋಲ್ಟೇಜನ್ನು ಹಂಚಿಕೊಡುವ ಡಿವೈಡರ್‌ಗೆ, ಬಿಸಿಗೆ ತಕ್ಕಂತೆ ರೋಧ ಬದಲಿಸುವ ಒಂದು ಥರ್ಮಿಸ್ಟರ್ ಸೇರಿಸಿದೆ. ಮೊದಲ ಸಲ ತಪ್ಪು ಕಡೆ ಬೆಸುಗೆ ಹಾಕಿ, ಬಿಸಿಯಾದಷ್ಟೂ ಇನ್ನೂ ಕಪ್ಪಾಗುವ ಹಾಗೆ ಮಾಡಿದ್ದೆ. ಸರಿಪಡಿಸಿ, ಮನೆ ಫ್ರಿಜ್‌ನಲ್ಲಿ ಒಂದು ಗಂಟೆ, ಆಮೇಲೆ ಹೆಂಡತಿಯ ಹೇರ್ ಡ್ರೈಯರ್ ಮುಂದೆ ಹತ್ತು ನಿಮಿಷ ಇಟ್ಟು ನೋಡಿದೆ. ಎರಡೂ ಕಡೆ ಅಂಕಿ ಓದಲು ಬಂತು. ಖರ್ಚು ಕೆಲವೇ ರೂಪಾಯಿ.

ಟಿಎಫ್‌ಟಿಗೂ ಎಸ್‌ಟಿಎನ್‌ಗೂ ನಡುವಿನ ದಾರಿಯೂ ಒಂದಿತ್ತು: ಚುಕ್ಕಿಗೊಂದು ಎರಡು ಕಾಲಿನ ಡಯೋಡ್. ಟ್ಯಾಂಟಲಮ್, ಅದರ ಮೇಲೆ ಅದರದೇ ಆಕ್ಸೈಡಿನ ತೆಳು ಪದರ, ಮತ್ತೆ ಲೋಹ. ಸೈಕೊ ಎಪ್ಸನ್ ಇಂಥ ಪ್ಯಾನೆಲ್ ತಯಾರಿಸಿತ್ತು. ಟಿಎಫ್‌ಟಿಗಿಂತ ಕಡಿಮೆ ಮಾಸ್ಕ್ (ಗಾಜಿನ ಮೇಲೆ ಪದರಗಳ ವಿನ್ಯಾಸ ಮೂಡಿಸುವ ಅಚ್ಚು) ಸಾಕಿತ್ತು. ಆಮೇಲೆ ಟಿಎಫ್‌ಟಿಯೇ ಅಗ್ಗವಾಯಿತು, ಡಯೋಡ್ ಮೂಲೆ ಸೇರಿತು. ನನಗೇನೋ ಅದರ ಮೇಲೆ ಈಗಲೂ ಸ್ವಲ್ಪ ಕನಿಕರ.

ಅಂದ ಹಾಗೆ, ದ್ರವ ಹರಳು ಮೈಸೂರಿಗೆ ಹೊಸದಲ್ಲ. ಮುಂದೆ 1977ರಲ್ಲಿ ತಟ್ಟೆಯಾಕಾರದ ಅಣುಗಳ ದ್ರವ ಹರಳನ್ನು ಕಂಡುಹಿಡಿದ ಎಸ್. ಚಂದ್ರಶೇಖರ್, 1961ರಿಂದ ಹತ್ತು ವರ್ಷ ಇಲ್ಲಿನ ವಿಶ್ವವಿದ್ಯಾಲಯದಲ್ಲೇ ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದರು.

ಒಂದು ತೊಂದರೆ ಮಾತ್ರ ಹೋಗಲಿಲ್ಲ. ಮೆನುವಿನಲ್ಲಿ ಉದ್ದಕ್ಕೆ ಕಪ್ಪು ಪಟ್ಟಿ ಬಂದರೆ ಅಕ್ಕಪಕ್ಕ ಮಸುಕು ನೆರಳು ಬೀಳುತ್ತಿತ್ತು. ಪಟ್ಟಿಯನ್ನೇ ತೆಗೆದು ಒಂದು ಸಣ್ಣ ಬಾಣ ಇಟ್ಟೆ.