ಮೊದಲು ಒಣ ಎಲೆ, ಆಮೇಲೆ ಡಬ್ಬಿ

ಅಡುಗೆಮನೆ ಕಸದಿಂದ ಗೊಬ್ಬರ ಮಾಡಹೊರಟವರು ಮೊದಲು ಡಬ್ಬಿ ಹುಡುಕುತ್ತಾರೆ. ಹುಡುಕಬೇಕಾದದ್ದು ಒಂದು ಚೀಲ ಒಣ ಎಲೆ. ಅದಿಲ್ಲದೆ ಬರೀ ಸಿಪ್ಪೆ ತುಂಬಿದರೆ ವಾರದೊಳಗೆ ನಾರುತ್ತದೆ, ಮನೆಯವರು ಎತ್ತಿ ಆಚೆಗಿಡುತ್ತಾರೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಡಬ್ಬಿಗೆ 20 ಲೀಟರಿನ ಹಳೆ ಬಕೆಟ್ಟೇ ಸಾಕು. ತಳಕ್ಕೂ ಸುತ್ತಲಿನ ಮೈಗೂ ಪೆನ್ಸಿಲ್ ದಪ್ಪದ ತೂತುಗಳನ್ನು ನಾಲ್ಕು ಬೆರಳಿಗೊಂದರಂತೆ ಕೊರೆದು, ಎರಡು ಇಟ್ಟಿಗೆಯ ಮೇಲೆ ಕೂರಿಸಿ, ಅಡಿಗೊಂದು ತಟ್ಟೆ ಇಡಿ. ಒಳಗೆ ನಾಲ್ಕು ಬೆರಳೆತ್ತರ ಎಲೆ, ಅದರ ಮೇಲೆ ಒಂದು ಹಿಡಿ ಹಳೆ ಗೊಬ್ಬರ ಅಥವಾ ತೋಟದ ಮಣ್ಣು. ಬೇಕಾದ ಸೂಕ್ಷ್ಮಾಣುಗಳು ಅದರಲ್ಲೇ ಇರುತ್ತವೆ, ಬೇರೆ ಪುಡಿ ಕೊಳ್ಳಬೇಕಿಲ್ಲ. ದಿನದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ನೀರು ಬಸಿದು ಹಾಕಿ. ಒಂದು ಬಟ್ಟಲು ಹಸಿಗೆ ಎರಡು ಬಟ್ಟಲು ಮುರಿದ ಎಲೆ. ಮೇಲ್ಪದರ ಯಾವತ್ತೂ ಒಣದ್ದೇ ಇರಲಿ. ಹಸಿ ಕಂಡರೆ ನೊಣ ಬಂದೇ ಬರುತ್ತದೆ.

ನಾಲ್ಕು ದಿನಕ್ಕೊಮ್ಮೆ ಅಡಿಮೇಲು ಮಾಡಿ. ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ: ಒಂದೆರಡು ಹನಿ ಜಿನುಗಿದರೆ ಹದ, ಧಾರೆಯಾಗಿ ಇಳಿದರೆ ಎಲೆ ಬೇಕು, ಪುಡಿಪುಡಿಯಾಗಿ ಉದುರಿದರೆ ನೀರು ಚಿಮುಕಿಸಬೇಕು. ಮೂಗನ್ನೂ ನಂಬಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಆಡುತ್ತಿಲ್ಲವೆಂದು ಅರ್ಥ, ತೂತು ಕಟ್ಟಿಕೊಂಡಿದೆಯೇ ನೋಡಿ ಚೆನ್ನಾಗಿ ಮಗುಚಿ. ಮೂಗಿಗೆ ಚುರ್ರೆನ್ನುವ ಅಮೋನಿಯಾ ಘಾಟು ಬಂದರೆ ಹಸಿಯ ಪಾಲು ಹೆಚ್ಚಾಗಿ ಸಾರಜನಕ ಹಾರಿಹೋಗುತ್ತಿದೆ. ಎಲೆ ಸೇರಿಸಿದರೆ ಎರಡು ದಿನದಲ್ಲಿ ಇಳಿಯುತ್ತದೆ. ಬಿಳಿ ಬೂಷ್ಟು ಕಂಡು ಗಾಬರಿ ಬೇಡ, ಅದು ಕೆಲಸಗಾರ. ಹುಳುಗಳೂ ಕೆಡುಕಲ್ಲ, ಆದರೆ ತೇವ ಮಿತಿಮೀರಿದೆ ಎಂದು ಹೇಳುತ್ತಿವೆ.

ಮಾಂಸ, ಎಲುಬು, ಹಾಲಿನ ಪದಾರ್ಥ, ಎಣ್ಣೆ ಜಿಡ್ಡಿನ ಉಳಿಕೆ ಬಕೆಟ್ಟಿಗೆ ಬೇಡ, ಇಲಿ ಕರೆದಂತಾಗುತ್ತದೆ. ಎಲೆ ಸಿಗದಿದ್ದಾಗ ಬಣ್ಣದ ಹೊಳಪಿಲ್ಲದ ರಟ್ಟನ್ನು ಟೇಪ್ ಕಿತ್ತು ಹರಿದು ಹಾಕಬಹುದು. ಟೀ ಬ್ಯಾಗಿನ ಚೀಲದಲ್ಲಿ ಎಷ್ಟೋ ಸಲ ಪ್ಲಾಸ್ಟಿಕ್ ನೂಲಿರುವುದರಿಂದ ಬಿಡಿಸಿ ಸೊಪ್ಪು ಮಾತ್ರ ಹಾಕಿ.

ಬಕೆಟ್ ತುಂಬಿದ ಮೇಲೆ ಹೊಸ ಕಸ ಸೇರಿಸದೆ ಎರಡು ಮೂರು ತಿಂಗಳು ಬಿಡಿ. ನಡುನಡುವೆ ಮಗುಚುವುದು ಮಾತ್ರ ತಪ್ಪದಿರಲಿ. ಕಪ್ಪಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದಾಗ ಒಂದು ಹಿಡಿಯನ್ನು ತೇವ ಮಾಡಿ ಚೀಲದಲ್ಲಿ ಬಿಗಿದು ಮೂರು ದಿನ ಇಡಿ. ಬಿಚ್ಚಿದಾಗ ಹುಳಿ ನಾತ ಬಂದರೆ ಇನ್ನೂ ಮಾಗಿಲ್ಲ, ಈಗಲೇ ಕುಂಡಕ್ಕೆ ಹಾಕಿದರೆ ಎಳೆ ಬೇರು ಸುಡುತ್ತದೆ. ಮಾಗಿದ್ದನ್ನು ಜರಡಿ ಹಿಡಿದು, ಮೂರು ಪಾಲು ಮಣ್ಣಿಗೆ ಒಂದು ಪಾಲಿನಂತೆ ಬೆರೆಸಿ. ಜರಡಿಯಲ್ಲಿ ಉಳಿದ ಗಟ್ಟಿ ತುಂಡುಗಳನ್ನು ಎಸೆಯಬೇಡಿ, ಮುಂದಿನ ಬಕೆಟ್ಟಿಗೆ ಅದೇ ಹೆಪ್ಪು.