ಮೂರು ಮಿಲಿಮೀಟರಿನ ಜಗಳ

ಗ್ರೀನುಗಳಿಗೆ ರಂಧ್ರ ಹೊಡೆದ ಮರುದಿನ ಬೆಳಿಗ್ಗೆ ನನಗೆ ಯಾರೂ ನಮಸ್ಕಾರ ಹೇಳುವುದಿಲ್ಲ. ಹಿಂದಿನ ದಿನದವರೆಗೆ ದೂರದಿಂದಲೇ ಕೈಯೆತ್ತುತ್ತಿದ್ದ ಸದಸ್ಯರು ಅಂದು ಕಂಡೂ ಕಾಣದಂತೆ ದಾಟಿಹೋಗುತ್ತಾರೆ. ಗಾಲ್ಫ್ ಅಂಗಳ ನೋಡಿಕೊಳ್ಳುವ ಕೆಲಸದಲ್ಲಿ ನಾನು ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಮೊದಲ ಹತ್ತು ವರ್ಷ ಈ ಮೌನವನ್ನು ಅವಮಾನವೆಂದೇ ತಿಳಿದಿದ್ದೆ. ಈಗ ಲೆಕ್ಕ ಗೊತ್ತಾಗಿದೆ: ಎರಡು ವಾರ ಕಳೆದರೆ ನಮಸ್ಕಾರ ವಾಪಸು ಬರುತ್ತದೆ, ಮೂರನೆಯ ವಾರದಲ್ಲಿ ಹೊಗಳಿಕೆಯೂ ಬರಬಹುದು. ಹೊಗಳುವಾಗ ಆ ರಂಧ್ರಗಳ ನೆನಪು ಯಾರಿಗೂ ಇರುವುದಿಲ್ಲ.

ಗ್ರೀನ್ ಎಂದರೆ ಕುಳಿಯಿರುವ, ಚೆಂಡು ಉರುಳಬೇಕಾದ ನುಣುಪಾದ ಜಾಗ. ಅಲ್ಲಿ ಹುಲ್ಲನ್ನು ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತೇವೆ. ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅಷ್ಟೇ ಎತ್ತರ. ಎಲೆ ಗಿಡದ ಅಡುಗೆಮನೆ. ಅದನ್ನು ನಾವು ದಿನವೂ ಕತ್ತರಿಸಿ ಹಾಕುತ್ತೇವೆ. ಅದರ ಮೇಲೆ ನೂರಾರು ಜನ ನಡೆಯುತ್ತಾರೆ, ಯಂತ್ರಗಳು ಓಡುತ್ತವೆ, ಚೆಂಡುಗಳು ಆಕಾಶದಿಂದ ಬಂದು ಬೀಳುತ್ತವೆ. ಮಣ್ಣು ಬಿಗಿಯುತ್ತದೆ, ಸತ್ತ ಬೇರು ಕಾಂಡಗಳು ಮೇಲ್ಪದರದಲ್ಲಿ ಸ್ಪಂಜಿನಂತೆ ಕಟ್ಟಿಕೊಳ್ಳುತ್ತವೆ, ಬೇರಿಗೆ ಗಾಳಿ ಸಿಗದೆ ಹೋಗುತ್ತದೆ. ಅದಕ್ಕೇ ರಂಧ್ರ. ಬೆರಳಷ್ಟು ದಪ್ಪದ ಮಣ್ಣಿನ ಬತ್ತಿಗಳನ್ನು 75ರಿಂದ 100 ಮಿಲಿಮೀಟರ್ ಆಳದಿಂದ ಕಿತ್ತು ತೆಗೆದು, ಆ ಜಾಗದಲ್ಲಿ ಮರಳು ತುಂಬುತ್ತೇವೆ. ನೋಡುವುದಕ್ಕೆ ಚೆನ್ನಾಗಿರುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ.

ನನ್ನ ದೊಡ್ಡ ತಪ್ಪಿನ ಕತೆ ಮೊದಲು ಹೇಳಿಬಿಡುತ್ತೇನೆ. ಆಗ ನಾನು ಮುಖ್ಯ ಗ್ರೀನ್ ಕೀಪರ್ ಆಗಿ ಮೂರನೆಯ ವರ್ಷ. ಕ್ಲಬ್ಬಿಗೆ ಹೊಸ ಕ್ಯಾಪ್ಟನ್ ಬಂದಿದ್ದರು. ಎಲ್ಲ ಕ್ಯಾಪ್ಟನ್‌ಗಳಿಗೂ ತಮ್ಮ ಒಂದು ವರ್ಷದಲ್ಲಿ ಏನಾದರೂ ನೆನಪಿಗೆ ಉಳಿಯುವಂಥದ್ದು ಮಾಡಬೇಕೆಂಬ ಆಸೆ ಇರುತ್ತದೆ. ಇವರಿಗೆ ವೇಗದ ಗ್ರೀನುಗಳ ಆಸೆ. ನಮ್ಮ ಗ್ರೀನುಗಳು ಸ್ಟಿಂಪ್‌ಮೀಟರಿನಲ್ಲಿ 9 ಅಡಿ ತೋರಿಸುತ್ತಿದ್ದವು. ಕ್ಲಬ್ ಚಾಂಪಿಯನ್‌ಷಿಪ್ ಹೊತ್ತಿಗೆ 11 ಆಗಬೇಕು ಎಂದರು.

ಸ್ಟಿಂಪ್‌ಮೀಟರ್ ಎಂದರೆ 36 ಇಂಚು ಉದ್ದದ, ದೋಣಿಯಂತೆ ತೋಡಿದ ಅಲ್ಯೂಮಿನಿಯಂ ಪಟ್ಟಿ. ಅದರಲ್ಲಿ ಒಂದು ಕಚ್ಚಿನಲ್ಲಿ ಚೆಂಡಿಟ್ಟು ಆ ತುದಿಯನ್ನು ನಿಧಾನವಾಗಿ ಎತ್ತಬೇಕು. ಸುಮಾರು 20 ಡಿಗ್ರಿ ಕೋನಕ್ಕೆ ಬಂದಾಗ ಚೆಂಡು ತಾನಾಗಿ ಜಾರಿ ಹುಲ್ಲಿನ ಮೇಲೆ ಉರುಳುತ್ತದೆ. ಒಂದು ದಿಕ್ಕಿಗೆ ಮೂರು ಸಲ, ಅದೇ ಜಾಡಿನಲ್ಲಿ ಹಿಂದಕ್ಕೆ ಮೂರು ಸಲ. ಉರುಳಿದ ದೂರದ ಸರಾಸರಿಯೇ ಗ್ರೀನಿನ ವೇಗ. ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದ ಆಟಗಾರ 1935ರಲ್ಲಿ ಮರದಿಂದ ಮಾಡಿದ ಸಾಧನ ಇದು. ಅಲ್ಲಿನ ಗಾಲ್ಫ್ ಸಂಸ್ಥೆ 1970ರ ದಶಕದಲ್ಲಿ ಅದನ್ನು ಲೋಹಕ್ಕೆ ತಂದು ನಮ್ಮಂಥವರ ಕೈಗೆ ಕೊಟ್ಟಿತು. ಒಂದು ಅಂಗಳದ ಹದಿನೆಂಟು ಗ್ರೀನುಗಳೂ ಒಂದೇ ಹದದಲ್ಲಿವೆಯೇ ಎಂದು ನೋಡಿಕೊಳ್ಳುವುದಕ್ಕೆ ಕೊಟ್ಟದ್ದು. ಯಾರ ಗ್ರೀನ್ ವೇಗ ಎಂದು ಕ್ಲಬ್ಬುಗಳು ಮೀಸೆ ತಿರುವುವುದಕ್ಕೆ ಅದನ್ನು ಬಳಸಿದ್ದು ಆಮೇಲಿನ ಮಾತು.

ಕ್ಯಾಪ್ಟನ್ ಮಾತಿಗೆ ನಾನು ‘ನೋಡೋಣ ಸರ್’ ಎಂದೆ. ಈ ‘ನೋಡೋಣ’ ನನಗೆ ತುಂಬಾ ದುಬಾರಿಯಾಯಿತು. ಅವರು ಅದನ್ನು ‘ಆಗಲಿ’ ಎಂದು ಕೇಳಿಸಿಕೊಂಡರು; ನಾನು ‘ಆಗದು’ ಎಂಬ ಅರ್ಥದಲ್ಲಿ ಹೇಳಿದ್ದೆ. ಕೊನೆಗೆ ಬ್ಲೇಡ್ ಅರ್ಧ ಮಿಲಿಮೀಟರ್ ಇಳಿಸಿದೆ, ದಿನಕ್ಕೆ ಎರಡು ಸಲ ಕತ್ತರಿಸಿದೆ, ರೋಲರ್ ಓಡಿಸಿದೆ, ನೀರು ಕಡಿಮೆ ಮಾಡಿದೆ. ಪಂದ್ಯದ ದಿನ 11 ಅಡಿ ಬಂತು. ಬಹುಮಾನ ವಿತರಣೆಯಲ್ಲಿ ನನ್ನ ಹೆಸರು ಕರೆದು ಚಪ್ಪಾಳೆ ತಟ್ಟಿಸಿದರು. ಮುಂದಿನ ವಾರ ಬಿಸಿಲು ಏರಿತು. ಎರಡು ಗ್ರೀನುಗಳ ಹುಲ್ಲು ನೀಲಿಬೂದು ಬಣ್ಣಕ್ಕೆ ತಿರುಗಿತು. ಹೆಜ್ಜೆ ಇಟ್ಟರೆ ಗುರುತು ಮೇಲೇಳದೆ ಹಾಗೇ ಉಳಿಯುತ್ತಿತ್ತು. ನೀರು ಚಿಮುಕಿಸಿದೆವು. ತಡವಾಗಿತ್ತು. ಹತ್ತು ವಾರ ಆ ಎರಡು ಕಡೆ ಫೇರ್‌ವೇ ತುದಿಯಲ್ಲಿ, ಅಂದರೆ ಗ್ರೀನಿಗೆ ಹೋಗುವ ಹುಲ್ಲುಹಾದಿಯ ಕೊನೆಯಲ್ಲಿ, ತಾತ್ಕಾಲಿಕ ಗ್ರೀನ್ ಮಾಡಿ ಆಡಿಸಿದೆವು. ಅಷ್ಟರಲ್ಲಿ ಕ್ಯಾಪ್ಟನ್ ಅವಧಿ ಮುಗಿದಿತ್ತು, ನನ್ನ ಅವಧಿ ಮುಗಿದಿರಲಿಲ್ಲ. ಸಮಿತಿಯ ಮುಂದೆ ನಿಂತಾಗ ನನ್ನ ಕೈಯಲ್ಲಿ ಒಂದು ಅಳತೆಯಿಲ್ಲ, ಒಂದು ಚೀಟಿಯಿಲ್ಲ. ‘ಕೇಳಿದ್ದು ಅವರು’ ಎಂದು ಬಾಯಿತನಕ ಬಂದ ಮಾತನ್ನು ನುಂಗಿಕೊಂಡೆ. ಬ್ಲೇಡ್ ಇಳಿಸಿದ್ದು ನನ್ನದೇ ಕೈ.

ಅಂದಿನಿಂದ ಬರೆಯುವುದಕ್ಕೆ ಶುರುಮಾಡಿದೆ. ದಿನದ ವೇಗ, ಮಣ್ಣಿನ ತೇವ, ಬ್ಲೇಡಿನ ಎತ್ತರ, ಮಳೆ, ಎಷ್ಟು ಜನ ಆಡಿದರು ಎಲ್ಲವನ್ನೂ ಬರೆದಿಟ್ಟೆ. ಬರೆದದ್ದನ್ನು ಸೂಚನಾ ಫಲಕದಲ್ಲಿ ಹಾಕಿದೆ. ಯಾರೂ ಓದಲಿಲ್ಲ. ಶನಿವಾರ ಬೆಳಿಗ್ಗೆ ಚೆಂಡು ಹೊಡೆಯಲು ಬಂದವರು ನನ್ನ ಅಂಕಿಪಟ್ಟಿ ಏಕೆ ಓದಬೇಕು?

ಕೆಲಸಕ್ಕೆ ಬಂದದ್ದು ಕಪ್ ಕಟರ್. ಒಂದೇ ಕಡೆ ತುಳಿತ ಬೀಳದಿರಲೆಂದು ಕುಳಿಯ ಜಾಗವನ್ನು ದಿನ ಬೆಳಗಾದರೆ ಬದಲಿಸುತ್ತೇವೆ. ಆಗ ಈ ಉಪಕರಣದಿಂದ 108 ಮಿಲಿಮೀಟರ್ ಅಗಲದ ಮಣ್ಣಿನ ಉಂಡೆ ಇಡಿಯಾಗಿ ಹೊರಬರುತ್ತದೆ. ಒಂದು ಶನಿವಾರ ನಮ್ಮ ಅತ್ಯುತ್ತಮ ಗ್ರೀನಿನ ಅಂಚಿನಿಂದ ಒಂದು, ಸದಾ ಕಾಯಿಲೆ ಬೀಳುವ ಆರನೆಯ ಗ್ರೀನಿನಿಂದ ಒಂದು ಉಂಡೆ ತೆಗೆದು, ಉದ್ದಕ್ಕೆ ಸೀಳಿ, ಆಟದ ಮೊದಲ ಹೊಡೆತ ಹೊಡೆಯುವ ಜಾಗವಾದ ಮೊದಲ ಟೀ ಬಳಿ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟೆ. ಒಂದರಲ್ಲಿ ಬಿಳಿ ಬೇರುಗಳು ಬೆರಳುದ್ದ ಇಳಿದಿದ್ದವು. ಇನ್ನೊಂದರಲ್ಲಿ ಬೇರು ಉಗುರಿನಷ್ಟೇ ಇಳಿದು ನಿಂತಿತ್ತು. ಅದರ ಕೆಳಗೆ ಕಪ್ಪು ಪಟ್ಟಿ. ಗಾಳಿಯಾಡದ ಮಣ್ಣಿನಲ್ಲಿ ಕಟ್ಟುವ ಪದರ ಅದು, ಕೊಳೆತ ಮೊಟ್ಟೆಯ ವಾಸನೆ. ಹಿರಿಯ ಸದಸ್ಯರೊಬ್ಬರು ಅದನ್ನು ಎತ್ತಿ ಮೂಸಿ, ಮುಖ ಸಿಂಡರಿಸಿ, ಏನೂ ಹೇಳದೆ ಪಕ್ಕದವರ ಮೂಗಿಗೆ ಹಿಡಿದರು. ಅವರು ಇನ್ನೊಬ್ಬರಿಗೆ ದಾಟಿಸಿದರು. ಅರ್ಧ ಗಂಟೆಯಲ್ಲಿ ಇಡೀ ಕ್ಲಬ್ಬಿಗೆ ಆ ವಾಸನೆಯ ಪರಿಚಯವಾಯಿತು. ಆ ವರ್ಷ ಆರನೆಯ ಗ್ರೀನಿಗೆ ಎರಡು ಸಲ ರಂಧ್ರ ಹೊಡೆದೆವು, ಯಾರೂ ಜಗಳಕ್ಕೆ ಬರಲಿಲ್ಲ.

ಆದರೂ ಮುನಿಸು ಪೂರ್ತಿ ಹೋಗಲಿಲ್ಲ. ಕೆದಕಿ ಕೇಳಿದಾಗ ತಿಳಿಯಿತು, ಅವರ ಸಿಟ್ಟು ರಂಧ್ರದ ಮೇಲಲ್ಲ. ಅತಿಥಿಯನ್ನು ಕರೆತಂದ ದಿನವೇ ಗ್ರೀನ್ ಜರಡಿಯಂತಿದ್ದರೆ ಯಾರಿಗೂ ಮುಜುಗರ. ಈಗ ರಂಧ್ರ ಹೊಡೆಯುವ ದಿನಾಂಕಗಳು ಪಂದ್ಯಗಳ ಪಟ್ಟಿಯ ಜೊತೆಗೇ ವರ್ಷದ ಆರಂಭದಲ್ಲಿ ಅಚ್ಚಾಗುತ್ತವೆ. ಮಳೆ ಸುರಿದರಷ್ಟೇ ಬದಲಾಗುತ್ತವೆ, ಕ್ಯಾಪ್ಟನ್ ಮಾತಿಗೆ ಬದಲಾಗುವುದಿಲ್ಲ.

ವೇಗದ ಜಗಳವನ್ನು ಸದಸ್ಯರ ಕೈಗೇ ಸ್ಟಿಂಪ್‌ಮೀಟರ್ ಕೊಟ್ಟು ಮುಗಿಸಿದೆ. ಸದಾ ದೂರುತ್ತಿದ್ದ ನಾಲ್ವರನ್ನು ಕರೆದು, ಎರಡು ಗ್ರೀನುಗಳಲ್ಲಿ ಪಟ್ ಮಾಡಿಸಿ (ಚೆಂಡನ್ನು ಮೆಲ್ಲಗೆ ತಟ್ಟಿ ಕುಳಿಯತ್ತ ಉರುಳಿಸುವುದೇ ಪಟ್, ಅದರ ಕೋಲು ಪಟರ್), ಯಾವುದು ವೇಗ ಎಂದು ಕೇಳಿದೆ. ಎರಡಕ್ಕೂ ಅರ್ಧ ಅಡಿ ವ್ಯತ್ಯಾಸವಿತ್ತು. ಇಬ್ಬರು ಇದು ಎಂದರು, ಇಬ್ಬರು ಅದು ಎಂದರು. ಆಮೇಲೆ ಅವರೇ ಅಳೆದರು, ಅವರೇ ನಕ್ಕರು. ದಿನದ ಆಟಕ್ಕೆ 9ರಿಂದ 9.5, ದೊಡ್ಡ ಪಂದ್ಯಕ್ಕೆ ಹವೆ ನೋಡಿಕೊಂಡು 10.5ರವರೆಗೆ ಎಂದು ಸಮಿತಿ ಬರೆದು ಸಹಿ ಹಾಕಿತು. ಆ ಹಾಳೆ ನನ್ನ ಶೆಡ್ಡಿನ ಗೋಡೆಯ ಮೇಲಿದೆ. ಪ್ರತಿ ಹೊಸ ಕ್ಯಾಪ್ಟನ್‌ಗೂ ಮೊದಲ ಚಹಾ ಅದರ ಎದುರಿಗೇ.

ಪ್ರತಿ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಪಂದ್ಯ ನಡೆಯುವ ಅಮೆರಿಕದ ಅಗಸ್ಟಾ ನ್ಯಾಷನಲ್ ಅಂಗಳವನ್ನು ಟಿವಿಯಲ್ಲಿ ನೋಡಿ ಸೋಮವಾರ ನನ್ನ ಬಳಿ ಬರುವವರು ಇದ್ದೇ ಇರುತ್ತಾರೆ. ಆ ಕ್ಲಬ್ ಬೇಸಿಗೆಯ ತಿಂಗಳುಗಳಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ, ಗ್ರೀನುಗಳ ಅಡಿಯಲ್ಲಿ ಗಾಳಿಯಾಡಿಸುವ, ನೀರು ಹೀರುವ ಯಂತ್ರಗಳಿವೆ. ‘ನೀವೂ ನಾಲ್ಕು ತಿಂಗಳು ಆಡುವುದಿಲ್ಲವೆಂದು ಬರೆದುಕೊಡಿ, ಪ್ರಯತ್ನಿಸುತ್ತೇನೆ’ ಎನ್ನುತ್ತೇನೆ. ಇಷ್ಟು ವರ್ಷಗಳಲ್ಲಿ ಯಾರೂ ಬರೆದುಕೊಟ್ಟಿಲ್ಲ.

ನಾಲ್ಕು ತಿಂಗಳು ಬೇಡ, ವಾರಕ್ಕೊಂದು ಬೆಳಿಗ್ಗೆ ಸಾಕು ಎಂದು ನಾನು ಆರು ವರ್ಷ ಕೇಳಿದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಳೆಯ ಗಾಲ್ಫ್ ಅಂಗಳ ಓಲ್ಡ್ ಕೋರ್ಸ್ ಭಾನುವಾರ ಇಂದಿಗೂ ಸಾಮಾನ್ಯವಾಗಿ ಆಟಕ್ಕೆ ಮುಚ್ಚಿರುತ್ತದೆ; ಊರವರು ಅದರ ಮೇಲೆ ಅಡ್ಡಾಡುತ್ತಾರೆ. ಅಲ್ಲಿ ದಶಕಗಳ ಕಾಲ ಅಂಗಳ ನೋಡಿಕೊಂಡ ಓಲ್ಡ್ ಟಾಮ್ ಮಾರಿಸ್ 1861ರಿಂದ 1867ರೊಳಗೆ ನಾಲ್ಕು ಬಾರಿ ಬ್ರಿಟನ್ನಿನ ಓಪನ್ ಗಾಲ್ಫ್ ಪಂದ್ಯ ಗೆದ್ದವರು. ಸಲಿಕೆ ಹಿಡಿದವನೇ ಚಾಂಪಿಯನ್ ಆಗಿದ್ದರೆ ಸದಸ್ಯರು ಅವನ ಮಾತು ಕೇಳಿಯಾರು. ನನಗೆ ಆ ಅನುಕೂಲವಿರಲಿಲ್ಲ. ಆದರೂ ಈಗ ಪ್ರತಿ ಸೋಮವಾರ ಮಧ್ಯಾಹ್ನದವರೆಗೆ ಅಂಗಳ ನಮ್ಮದು.

ಇದೆಲ್ಲ ಓದಿದರೆ ಪ್ರತಿ ಸಲವೂ ನನ್ನದೇ ಸರಿ ಎಂಬಂತೆ ಕಾಣಬಹುದು. ಹಾಗಿಲ್ಲ. ಸದಸ್ಯೆಯೊಬ್ಬರು ‘ಹನ್ನೊಂದನೆಯ ಗ್ರೀನಿನಲ್ಲಿ ಎಡಕ್ಕೆ ಹೊಡೆದರೆ ಚೆಂಡು ತಡವರಿಸುತ್ತದೆ’ ಎಂದು ಮೂರು ವಾರ ಹೇಳಿದರು. ನಾನು ಬಗ್ಗಿ ನೋಡಿದೆ, ಹುಲ್ಲು ಚೆನ್ನಾಗಿತ್ತು. ಅವರ ಪಟ್ಟಿಂಗ್ ಚೆನ್ನಾಗಿಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ನಾಲ್ಕನೆಯ ವಾರ ಅವರು ಪಟರನ್ನು ನನ್ನ ಕೈಗಿಟ್ಟು ‘ನೀವೇ ಹೊಡೆಯಿರಿ’ ಎಂದರು. ಚೆಂಡು ನಿಜಕ್ಕೂ ತಡವರಿಸಿತು. ಶೆಡ್ಡಿಗೆ ಹೋಗಿ ಹುಲ್ಲು ಕತ್ತರಿಸುವ ಯಂತ್ರವಾದ ಮೊವರಿನ ಸುರುಳಿ ಬ್ಲೇಡಿಗೂ ಅಡಿಯ ಬ್ಲೇಡಿಗೂ ನಡುವೆ ಕಾಗದದ ಪಟ್ಟಿ ಹಿಡಿದು ತಿರುಗಿಸಿದೆ. ಬಲತುದಿಯಲ್ಲಿ ಕಾಗದ ಚಕ್ಕನೆ ಕತ್ತರಿಸಿತು, ಎಡತುದಿಯಲ್ಲಿ ಮಡಚಿಕೊಂಡಿತು. ಆ ಯಂತ್ರ ಒಂದು ಪಕ್ಕ ಹುಲ್ಲನ್ನು ಕತ್ತರಿಸುವ ಬದಲು ಜಗಿಯುತ್ತಿತ್ತು. ಹುಲ್ಲನ್ನು ಬಲ್ಲೆ ಎಂದುಕೊಂಡಿದ್ದ ನನಗೆ ಚೆಂಡು ಗೊತ್ತಿರಲಿಲ್ಲ. ಅವರ ಕ್ಷಮೆ ಕೇಳಿದೆ. ಹಳೆಯದೊಂದು ಪಟರ್ ಕೊಂಡು ವಾರಕ್ಕೊಂದು ಸಂಜೆ ಆಡಲು ಶುರುಮಾಡಿದೆ. ಈಗಲೂ ಕೆಟ್ಟದಾಗಿಯೇ ಆಡುತ್ತೇನೆ.

ಇನ್ನೊಮ್ಮೆ ಮೊವರಿನ ಹೈಡ್ರಾಲಿಕ್ ಪೈಪು ಒಡೆದು, ಬಿಸಿ ಎಣ್ಣೆ ಎರಡನೆಯ ಗ್ರೀನಿನ ನಡುವೆ ಉದ್ದಕ್ಕೆ ಗೆರೆ ಎಳೆಯಿತು. ಎರಡೇ ದಿನದಲ್ಲಿ ಹುಲ್ಲು ಸುಟ್ಟ ಗೆರೆ. ಹಿಂದಾಗಿದ್ದರೆ ‘ಶಿಲೀಂಧ್ರ ರೋಗ’ ಎಂದು ಹೇಳಿ ಜಾರಿಕೊಳ್ಳುತ್ತಿದ್ದೆವು. ಆ ಸಬೂಬು ಎಲ್ಲ ಕಾಲಕ್ಕೂ ಸಲ್ಲುತ್ತದೆ. ಈ ಸಲ ಗ್ರೀನಿನ ಪಕ್ಕದಲ್ಲೇ ಫಲಕ ನೆಟ್ಟೆ: ನಮ್ಮ ಯಂತ್ರ, ನಾವು ಪೈಪು ಸಮಯಕ್ಕೆ ಬದಲಿಸಿರಲಿಲ್ಲ, ಸರಿಹೋಗಲು ಕೆಲವು ವಾರ ಬೇಕು. ಬೈದವರು ಬೈದರು. ಆದರೆ ‘ನಿಜವಾಗಿ ಆದದ್ದೇನು’ ಎಂದು ನನ್ನ ಹುಡುಗರನ್ನು ಮರೆಗೆ ಕರೆದು ಕೇಳುವುದು ಅಂದಿಗೆ ನಿಂತಿತು.

ಹುಡುಗರ ವಿಷಯ ಬಂತಲ್ಲ, ಒಂದು ಮಾತು. ಕೆಲಸ ಮಾಡುತ್ತಿರುವವರು ತಿರುಗಿ ಕೈಯೆತ್ತುವ ತನಕ ಆ ಕಡೆ ಚೆಂಡು ಹೊಡೆಯಬಾರದು ಎಂಬುದರಲ್ಲಿ ನಾನು ಯಾರೊಂದಿಗೂ ಚೌಕಾಸಿ ಮಾಡುವುದಿಲ್ಲ. ಮೊವರಿನ ಸದ್ದಿನಲ್ಲಿ, ಚೆಂಡು ಬರುತ್ತಿದೆ ಎಂದು ಎಚ್ಚರಿಸುವ ‘ಫೋರ್’ ಎಂಬ ಕೂಗು ಕೇಳಿಸುವುದಿಲ್ಲ. ಒಬ್ಬನ ಭುಜಕ್ಕೆ ಚೆಂಡು ಬಿದ್ದ ಮೇಲೆ ಈ ನಿಯಮ ಬಂತು. ಮೊದಲೇ ಬರಬೇಕಿತ್ತು.

ಮೇಲಿನಿಂದ ಚೆಂಡು ಬಿದ್ದಾಗ ಗ್ರೀನಿನಲ್ಲಿ ಆಗುವ ಗುಂಡಿಯ ಬಗ್ಗೆ ಹೇಳಿ ಹೇಳಿ ಗಂಟಲು ಒಣಗಿದೆ. ಕೂಡಲೇ ಸರಿಪಡಿಸಿದರೆ ಒಂದೆರಡು ದಿನದಲ್ಲಿ ಮಾಯುತ್ತದೆ, ಬಿಟ್ಟರೆ ಎರಡು ಮೂರು ವಾರ ಕಲೆ ಉಳಿಯುತ್ತದೆ. ಹಲವರು ಕವೆಗೋಲನ್ನು ಅಡಿಗೆ ತೂರಿಸಿ ಮಣ್ಣು ಮೇಲೆತ್ತುತ್ತಾರೆ, ಬೇರು ಹರಿಯುತ್ತದೆ. ಅಂಚನ್ನು ಸುತ್ತಲಿಂದ ನಡುವಿಗೆ ಒತ್ತಿ, ಪಟರಿನಿಂದ ಮೆಲ್ಲಗೆ ತಟ್ಟಬೇಕು. 2019ರಿಂದ ನಿಯಮಗಳು ಗ್ರೀನಿನ ಮೇಲೆ ಬೂಟಿನ ಗೀರನ್ನು ಸರಿಪಡಿಸುವುದಕ್ಕೂ ಅನುಮತಿ ಕೊಟ್ಟಿವೆ. ಆ ಅನುಮತಿಯನ್ನು ತಮ್ಮ ಚೆಂಡಿನ ದಾರಿಗೆ ಅಡ್ಡ ಬಂದ ಗೀರಿಗೆ ಎಲ್ಲರೂ ಬಳಸುತ್ತಾರೆ. ಹಿಂದೆ ಬಿಟ್ಟುಬಂದ ಗುಂಡಿ ಮಾತ್ರ ಯಾರದೂ ಅಲ್ಲ.

ಬಗೆಹರಿಯದ್ದೂ ಒಂದಿದೆ. ನಾಲ್ಕನೆಯ ಗ್ರೀನಿನ ಪೂರ್ವಕ್ಕೆ ದೊಡ್ಡ ಮರವಿದೆ. ಹುಲ್ಲಿಗೆ ಬೇಕಾದ ಬೆಳಗಿನ ಬಿಸಿಲನ್ನೆಲ್ಲ ಅದೇ ಕುಡಿಯುತ್ತದೆ, ಇಬ್ಬನಿ ಆರುವುದಿಲ್ಲ, ಮಳೆಗಾಲದಲ್ಲಿ ಆ ಮೂಲೆಗೆ ರೋಗ ತಪ್ಪುವುದಿಲ್ಲ. ಗಂಟೆಗೊಂದರಂತೆ ನೆರಳಿನ ಚಿತ್ರ ತೆಗೆದು ಸಮಿತಿಗೆ ಕೊಟ್ಟೆ. ಮರ ಕಡಿಯಲು ಒಪ್ಪಲಿಲ್ಲ. ಅದು ಹಿರಿಯ ಸದಸ್ಯರೊಬ್ಬರು ತೀರಿಹೋದ ತಮ್ಮ ಜೊತೆಗಾರನ ನೆನಪಿಗೆ ನೆಟ್ಟ ಮರ. ಅಂಕಿಗಳಿಂದ ಗೆಲ್ಲುವ ಜಗಳ ಅದಲ್ಲ ಎಂದು ತಿಳಿದು ಸುಮ್ಮನಾದೆ. ವರ್ಷವೂ ಮಳೆ ಮುಗಿದ ಮೇಲೆ ನರ್ಸರಿಯಿಂದ ಹುಲ್ಲಿನ ಹಾಳೆ ಎಬ್ಬಿಸಿ ತಂದು ಆ ಮೂಲೆಗೆ ತೇಪೆ ಹಾಕುತ್ತೇವೆ. ಅವರು ಬಂದು ನೋಡುತ್ತಾ ನಿಲ್ಲುತ್ತಾರೆ. ಈ ವರ್ಷ ನಾವು ಹಾಳೆಗಳ ಸಂದಿಗೆ ಮರಳು ತುಂಬುತ್ತಿದ್ದಾಗ ಮೇಲೆ ನೋಡಿ ಕೇಳಿದರು, ‘ಆ ಕೆಳಗಿನ ಕೊಂಬೆ ತೆಗೆದರೆ ಸಾಕಾಗುತ್ತದೆಯೇ?’

‘ಎರಡು ಬೇಕಾಗುತ್ತದೆ ಸರ್’ ಎಂದೆ.

‘ಒಂದು ತೆಗೆಯಿರಿ, ಮುಂದಿನ ವರ್ಷ ನೋಡೋಣ’ ಎಂದು ಐದನೆಯ ಟೀ ಕಡೆ ನಡೆದರು.