ಕಟ್ಟಿನಿಂದ ಒಂದೊಂದಾಗಿ: ಫ್ಲಾಟ್ ಅಂಚೆಯ ಫೀಡರ್ ರೂಪಿಸಿದ ನನ್ನ ಅನುಭವ

ಅಮೆರಿಕದ ಅಂಚೆ ವ್ಯವಸ್ಥೆಯಲ್ಲಿ ಸಾಮಾನ್ಯ ಪತ್ರಕ್ಕಿಂತ ದೊಡ್ಡದಾದ, ಆದರೆ ಪಾರ್ಸೆಲ್ ಎನ್ನುವಷ್ಟು ದಪ್ಪವಿಲ್ಲದ ಅಂಚೆಯನ್ನು ಫ್ಲಾಟ್ ಎಂದು ಕರೆಯುತ್ತಾರೆ. ಮ್ಯಾಗಜೀನು, ಕ್ಯಾಟಲಾಗು, ಕಾಗದವನ್ನು ಮಡಚದೆ ಹಾಕುವ ದೊಡ್ಡ ಲಕೋಟೆ, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪತ್ರಿಕೆ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಉದ್ದ 15 ಇಂಚು, ಎತ್ತರ 12 ಇಂಚು, ದಪ್ಪ ಮುಕ್ಕಾಲು ಇಂಚು ಮೀರಬಾರದು ಎಂಬ ಮಿತಿಯನ್ನು ಬಿಟ್ಟರೆ ಇವುಗಳ ನಡುವೆ ಹೇಳಿಕೊಳ್ಳುವಂಥ ಸಾಮ್ಯವೇನೂ ಇಲ್ಲ. ಇಂಥವನ್ನು ಸಾಲಾಗಿ ನಿಲ್ಲಿಸಿದ ಕಟ್ಟಿನಿಂದ ಒಂದೊಂದಾಗಿ ಬಿಡಿಸಿ, ಸಮನಾದ ಅಂತರದಲ್ಲಿ ವಿಂಗಡಣಾ ಯಂತ್ರಕ್ಕೆ ಒದಗಿಸುವ ಫೀಡರೊಂದನ್ನು ಶಿಕಾಗೋ ಸಮೀಪದ ಸಣ್ಣ ಯಂತ್ರ ತಯಾರಿಕಾ ಕಂಪನಿಯೊಂದರಲ್ಲಿ ವಿನ್ಯಾಸಗೊಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ವಿಂಗಡಣೆ ಎಂದೊಡನೆ ಜನರ ಗಮನ ವಿಳಾಸ ಓದುವ ಕ್ಯಾಮೆರಾದ ಮೇಲೆ ಹೋಗುತ್ತದೆ. ಆದರೆ ಯಂತ್ರದ ನಿಜವಾದ ವೇಗವನ್ನು ನಿರ್ಧರಿಸುವುದು ಅದರ ಬಾಯಿ. ಅಮೆರಿಕದ ಅಂಚೆ ಸೇವೆ 2000ದ ಸುಮಾರಿಗೆ ಅಳವಡಿಸತೊಡಗಿದ ಎಎಫ್‌ಎಸ್‌ಎಂ 100 ಎಂಬ ಯಂತ್ರ 120 ವಿಭಾಗಗಳಿಗೆ ಗಂಟೆಗೆ ಸುಮಾರು 17,000 ಫ್ಲಾಟ್‌ಗಳನ್ನು ವಿಂಗಡಿಸುತ್ತದೆ, ಆದರೆ ಅದಕ್ಕಾಗಿ ಅದಕ್ಕೆ ಮೂರು ಫೀಡರುಗಳು ಬೇಕಾದವು. ಅಂದರೆ ಒಂದೊಂದು ಫೀಡರಿನ ಪಾಲಿಗೆ ಸೆಕೆಂಡಿಗೆ ಎರಡಕ್ಕಿಂತ ಕಡಿಮೆ. ಅಂಚೆಯನ್ನು ಮೊದಲೇ ವಿಂಗಡಿಸಿ ಕೊಟ್ಟವರಿಗೆ ದರದಲ್ಲಿ ರಿಯಾಯಿತಿ ಇರುವುದರಿಂದ ಅದನ್ನೇ ಉದ್ಯಮ ಮಾಡಿಕೊಂಡ ಖಾಸಗಿ ಸಂಸ್ಥೆಗಳು ಅಲ್ಲಿವೆ. ನಮ್ಮ ಗ್ರಾಹಕರು ಅಂಥವರು, ಮತ್ತು ಅವರು ಒಂದೇ ಫೀಡರಿನಿಂದ ಗಂಟೆಗೆ 10,000 ಕೇಳಿದ್ದರು. ಹಾಗೆಂದರೆ ಒಂದೊಂದಕ್ಕೆ ಸಿಗುವುದು 0.36 ಸೆಕೆಂಡು. ಅತಿ ಉದ್ದದ ಫ್ಲಾಟ್ 38 ಸೆಂಟಿಮೀಟರ್, ಅದರ ಹಿಂದೆ 12 ಸೆಂಟಿಮೀಟರ್ ಖಾಲಿ ಜಾಗ ಎಂದು ಹಿಡಿದರೆ ಫ್ಲಾಟ್‌ಗಳನ್ನು ಎಳೆದೊಯ್ಯುವ ಬೆಲ್ಟು ಸೆಕೆಂಡಿಗೆ ಸುಮಾರು 1.4 ಮೀಟರ್ ವೇಗದಲ್ಲಿ ಓಡಬೇಕು.

ಇದಕ್ಕೂ ಮೊದಲು ನಾನು ಬೆಂಗಳೂರಿನಲ್ಲಿ ಆಫ್‌ಸೆಟ್ ಮುದ್ರಣ ಯಂತ್ರಗಳ ದುರಸ್ತಿಯಲ್ಲಿದ್ದವನು. ಅಲ್ಲಿಯೂ ಹಾಳೆಗಳ ರಾಶಿಯಿಂದ ಒಂದೊಂದನ್ನೇ ಎತ್ತುವ ಫೀಡರ್ ಇರುತ್ತದೆ. ಅಂಚಿನಿಂದ ಗಾಳಿ ಊದಿ ಮೇಲಿನ ಹಾಳೆಗಳನ್ನು ಸಡಿಲಗೊಳಿಸುತ್ತದೆ, ಸಕ್ಷನ್ ಕಪ್ಪುಗಳು ಒಂದನ್ನು ಹಿಡಿದೆತ್ತುತ್ತವೆ, ಮತ್ತು ಗಂಟೆಗೆ 10,000 ಹಾಳೆ ಅಲ್ಲಿ ದೊಡ್ಡ ಮಾತೇನಲ್ಲ. ಆದರೆ ಆ ಸೌಲಭ್ಯ ಇರುವುದು ರಾಶಿಯ ಎಲ್ಲ ಹಾಳೆಗಳೂ ಒಂದೇ ಕಾಗದ, ಒಂದೇ ಅಳತೆ, ಒಂದೇ ತೂಕ ಆಗಿರುವುದರಿಂದ. ಬೆಳಿಗ್ಗೆ ಹತ್ತು ಹಾಳೆಗೆ ಹೊಂದಿಸಿಕೊಂಡರೆ ಸಂಜೆಯವರೆಗೆ ಅದನ್ನು ಮುಟ್ಟಬೇಕಾಗಿಲ್ಲ. ಅಂಚೆಯ ಕಟ್ಟಿನಲ್ಲಿ ಒಂದು ಫ್ಲಾಟನ್ನು ನೋಡಿ ಅದರ ಹಿಂದಿನದು ಹೇಗಿದೆಯೆಂದು ಊಹಿಸಲು ಬರುವುದಿಲ್ಲ. ಸರಾಸರಿ ಫ್ಲಾಟಿಗೆ ಸರಿಹೊಂದುವಂತೆ ಮಾಡಿದ ಯಂತ್ರ ಅಲ್ಲಿ ಯಾವ ಫ್ಲಾಟಿಗೂ ಸರಿಹೊಂದುವುದಿಲ್ಲ.

ಬಿಡಿಸುವಿಕೆಯ ಮೂಲ ಲೆಕ್ಕ ಘರ್ಷಣೆಯದು. ಮುಂದಿನ ಫ್ಲಾಟಿಗೂ ಬೆಲ್ಟಿಗೂ ನಡುವಿನ ಹಿಡಿತ ಎಲ್ಲಕ್ಕಿಂತ ಹೆಚ್ಚಿರಬೇಕು. ಎರಡನೆಯದನ್ನು ತಡೆದು ನಿಲ್ಲಿಸುವ ತಡೆಯ ಹಿಡಿತ ಅದಕ್ಕಿಂತ ಕಡಿಮೆ ಇರಬೇಕು. ಎರಡು ಫ್ಲಾಟ್‌ಗಳ ನಡುವಿನ ಹಿಡಿತ ಈ ಎರಡಕ್ಕಿಂತಲೂ ಕಡಿಮೆ ಇರಬೇಕು. ಈ ಕ್ರಮ ಎಲ್ಲಿ ತಪ್ಪುತ್ತದೋ ಅಲ್ಲಿ ಎರಡು ಒಟ್ಟಿಗೆ ಬರುತ್ತವೆ, ಇಲ್ಲವೇ ಒಂದೂ ಬರುವುದಿಲ್ಲ. ಹಿಡಿತ ಸಾಲದೆಂದು ಕಟ್ಟನ್ನು ಹಿಂದಿನಿಂದ ಗಟ್ಟಿಯಾಗಿ ಒತ್ತಿದರೆ ಬೆಲ್ಟಿನ ಎಳೆತ ಹೆಚ್ಚುವುದೇನೋ ನಿಜ, ಆದರೆ ಫ್ಲಾಟ್‌ಗಳ ನಡುವಿನ ಘರ್ಷಣೆಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ನಿರ್ವಾತದ ಗುಣವೇ ಬೇರೆ. ರಂಧ್ರಗಳಿರುವ ಬೆಲ್ಟಿನ ಹಿಂದೆ ಗಾಳಿಯನ್ನು ಹೀರಿದರೆ ಮುಂದಿನ ಫ್ಲಾಟ್ ಮಾತ್ರ ಬೆಲ್ಟಿಗೆ ಅಂಟುತ್ತದೆ, ಹಿಂದಿನದರೊಂದಿಗೆ ಅದರ ಒತ್ತಡ ಹೆಚ್ಚುವುದಿಲ್ಲ. ಆದ್ದರಿಂದ ಕಟ್ಟಿನ ಒತ್ತಡವನ್ನು ಫ್ಲಾಟ್ ಬೀಳದಂತೆ ನಿಲ್ಲಿಸುವಷ್ಟಕ್ಕೆ ಇಳಿಸಿ, ಎಳೆಯುವ ಕೆಲಸವನ್ನು ಪೂರ್ತಿಯಾಗಿ ನಿರ್ವಾತಕ್ಕೆ ಬಿಡುವುದೆಂದು ತೀರ್ಮಾನಿಸಿದೆ.

ಇದಕ್ಕೂ ಮಿತಿಗಳಿದ್ದವು. 10 ಕಿಲೋಪಾಸ್ಕಲ್ ನಿರ್ವಾತ 10 ಚದರ ಸೆಂಟಿಮೀಟರ್ ರಂಧ್ರಗಳ ಮೂಲಕ ಕೊಡುವ ಬಲ 10 ನ್ಯೂಟನ್. ನಿಂತ ಫ್ಲಾಟನ್ನು 3 ಸೆಂಟಿಮೀಟರ್ ಒಳಗೆ ಸೆಕೆಂಡಿಗೆ 1.4 ಮೀಟರ್ ವೇಗಕ್ಕೆ ತರಬೇಕಾದರೆ 200 ಗ್ರಾಮಿನ ಮ್ಯಾಗಜೀನಿಗೆ ಆರೂವರೆ ನ್ಯೂಟನ್ ಬೇಕು, 450 ಗ್ರಾಮಿನ ಕ್ಯಾಟಲಾಗಿಗೆ ಹದಿನೈದರ ಹತ್ತಿರ. ರಂಧ್ರಗಳನ್ನು ಹೆಚ್ಚಿಸಿದರೆ ತೆಳು ಲಕೋಟೆ ಬೆಲ್ಟಿನೊಳಕ್ಕೆ ಗುಳಿಬಿದ್ದಂತೆ ಸೆಳೆಯಲ್ಪಡುತ್ತದೆ. ಮೇಲಾಗಿ ಲೇಪನವಿಲ್ಲದ ಲಕೋಟೆಯ ಕಾಗದ ಗಾಳಿಯನ್ನು ಬಿಟ್ಟುಕೊಡುವುದರಿಂದ ಸೆಳೆತ ಅದನ್ನು ದಾಟಿ ಎರಡನೆಯದನ್ನೂ ಮುಟ್ಟುತ್ತದೆ. ಕೊನೆಗೆ ಬೆಲ್ಟನ್ನು, ವೇಗವನ್ನು ಕರಾರುವಾಕ್ಕಾಗಿ ನಿಯಂತ್ರಿಸಬಲ್ಲ ಸರ್ವೋ ಮೋಟಾರಿಗೆ ಜೋಡಿಸಿ, ವೇಗವನ್ನು ಒಮ್ಮೆಲೇ ಏರಿಸದೆ 8 ಸೆಂಟಿಮೀಟರ್ ದೂರದಲ್ಲಿ ಏರುವಂತೆ ಮಾಡಿದೆ. ಬೇಕಾದ ಬಲ ಅರ್ಧಕ್ಕಿಂತಲೂ ಕಡಿಮೆಯಾಯಿತು.

ಎರಡನೆಯದನ್ನು ಹಿಡಿದು ನಿಲ್ಲಿಸಲು ಬೆಲ್ಟಿನ ಎದುರಿಗೆ ಅದಕ್ಕಿಂತ ದುರ್ಬಲವಾದ ಇನ್ನೊಂದು ನಿರ್ವಾತದ ಬಾಯಿಯನ್ನು ಇಟ್ಟಿದ್ದೆವು. ಬಂದದ್ದು ಒಂದೇ ಆದರೆ ಬಲವಾದ ಬೆಲ್ಟು ಗೆದ್ದು ಅದನ್ನು ಎಳೆದೊಯ್ಯುತ್ತದೆ. ಎರಡಿದ್ದರೆ ಹಿಂದಿನದು ತಡೆಗೆ ಅಂಟಿ ನಿಲ್ಲುತ್ತದೆ. ಲಕೋಟೆಗಳಲ್ಲಿ ಇದು ಸೊಗಸಾಗಿ ನಡೆಯಿತು. ಪಿನ್ ಹೊಡೆದ ಮ್ಯಾಗಜೀನುಗಳು ಬಂದಾಗ ಏನಾಗುತ್ತದೆಂಬುದನ್ನು ಹೈಸ್ಪೀಡ್ ಕ್ಯಾಮೆರಾದ ಚಿತ್ರಗಳಲ್ಲಿ ನಿಧಾನವಾಗಿ ನೋಡಿದೆವು. ಮುಖಪುಟ ಬೆಲ್ಟಿಗೆ ಅಂಟಿ ಮುಂದಕ್ಕೆ ಚಲಿಸುತ್ತದೆ, ಹಿಂಬದಿಯ ರಕ್ಷಾಪುಟ ತಡೆಯಲ್ಲಿ ನಿಂತುಬಿಡುತ್ತದೆ, ನಡುವಿನ ಪುಟಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ, ಮತ್ತು ಮರುಕ್ಷಣ ಮೇಲಿನ ಪಿನ್ನಿನ ಸುತ್ತ ಮುಖಪುಟ ಹರಿಯುತ್ತದೆ. ಯಂತ್ರದ ದೃಷ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಎರಡು ಹಾಳೆಗಳು ಒಂದರ ಮೇಲೊಂದು ಜಾರಿದವು, ಅದು ಅವುಗಳನ್ನು ಬೇರ್ಪಡಿಸಿತು. ಒಂದು ಮ್ಯಾಗಜೀನಿನ ಎರಡು ಪುಟಗಳಿಗೂ ಎರಡು ಬೇರೆ ಬೇರೆ ಫ್ಲಾಟ್‌ಗಳಿಗೂ ಇರುವ ವ್ಯತ್ಯಾಸ ಬೆನ್ನಿನ, ಅಂದರೆ ಪುಟಗಳೆಲ್ಲ ಕೂಡಿಕೊಂಡಿರುವ ಬದಿಯ, ಅಂಚಿನಲ್ಲಿ ಮಾತ್ರ ಇದೆ, ಮತ್ತು ಆ ಅಂಚು ಎಲ್ಲಿದೆಯೆಂದು ತಿಳಿಯದ ಹೊರತು ಬಲ ಎಷ್ಟು ಹೊಂದಿಸಿದರೂ ಈ ಸಮಸ್ಯೆ ಬಗೆಹರಿಯುವಂತಿರಲಿಲ್ಲ.

ಅಲ್ಲಿಂದ ಮುಂದಿನ ವಿನ್ಯಾಸವೆಲ್ಲ ಬೆನ್ನಿನ ಸುತ್ತಲೇ ನಡೆಯಿತು. ಕಟ್ಟು ಇಡುವಾಗ ಬೆನ್ನು ಮುಂದಿರುವಂತೆ ಇಡಬೇಕೆಂಬ ನಿಯಮ ಮಾಡಿದೆವು. ಹಾಗಿಟ್ಟಾಗ ಮುಂದಿನ ಅಂಚಿನ ಹತ್ತಿರ ಪುಟಗಳಿಗೆ ಜಾರಲು ಅವಕಾಶವಿರುವುದಿಲ್ಲ. ತಡೆಯ ಬಾಯಿಯನ್ನು ಹಿಂದಿನಿಂದ ಕಿತ್ತು ಮುಂದಿನ ಅಂಚಿನ ಪಕ್ಕಕ್ಕೆ ತಂದು, ಅದರ ಬಗಲಿಗೇ ಕಂಪ್ಯೂಟರ್ ಮೌಸಿನಲ್ಲಿರುವ ಬಗೆಯ ಚಲನೆಯ ಸೆನ್ಸರನ್ನು ಕೂರಿಸಿದೆವು. ಬೆಲ್ಟು 2 ಸೆಂಟಿಮೀಟರ್ ಸರಿದಾಗ ತಡೆಯ ಬದಿಯ ಮುಖವೂ ಅಷ್ಟೇ ಸರಿದಿದ್ದರೆ ಒಂದೇ ಫ್ಲಾಟ್ ಎಂದರ್ಥ, ಆಗ ತಡೆಯ ನಿರ್ವಾತವನ್ನು ಕಾಲುಭಾಗಕ್ಕೆ ಇಳಿಸುತ್ತದೆ. ಪೂರ್ತಿ ನಿಲ್ಲಿಸಿದರೆ ಹಿಂದಿನ ಫ್ಲಾಟ್ ತೇಲಿಬರುತ್ತದೆ. ಹಾಗೆಯೇ ಬಿಟ್ಟರೆ ಮ್ಯಾಗಜೀನಿನ ಬಾಲ ದಾಟುವಾಗ ಪುಟಗಳು ಬಿಚ್ಚಿಕೊಳ್ಳುತ್ತವೆ. ಹಿಂದಿನ ಮುಖ ಸರಿಯದೆ ನಿಂತಿದ್ದರೆ ಎರಡಿವೆ ಎಂದರ್ಥ, ತಡೆಯ ನಿರ್ವಾತ ಪೂರ್ತಿ ಬಲದಲ್ಲೇ ಉಳಿಯುತ್ತದೆ.

ಎರಡು ಫ್ಲಾಟ್‌ಗಳು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಈ ಸೆನ್ಸರೂ ಮೋಸಹೋಗುತ್ತದೆ. ಅಂಥವನ್ನು ಹಿಡಿಯಲು ಮುಂದೆ ಎರಡು ಪರೀಕ್ಷೆಗಳನ್ನಿಟ್ಟೆವು. ಬೆಳಕಿನ ಕಿರಣವನ್ನು ದಾಟಿದ ಉದ್ದ 15 ಇಂಚು ಮೀರಿದರೆ ಅದು ಖಂಡಿತವಾಗಿ ಎರಡು. ಇನ್ನೊಂದು, ಸ್ಪ್ರಿಂಗ್ ಹೇರಿದ ಚಕ್ರದಿಂದ ದಪ್ಪವನ್ನು ಉದ್ದಕ್ಕೂ ಅಳೆದು ನಡುವೆ ಮೆಟ್ಟಿಲಿನಂತೆ ಏರಿಳಿತ ಬರುತ್ತದೆಯೇ ಎಂದು ನೋಡುವುದು. ಒಳಗೆ ಸಿಡಿಯೋ ಸಣ್ಣ ಮಾದರಿ ಪ್ಯಾಕೆಟ್ಟೋ ಇಟ್ಟ ಮ್ಯಾಗಜೀನು ಇದರಲ್ಲಿ ವಿನಾಕಾರಣ ಸಿಕ್ಕಿಬೀಳುತ್ತಿತ್ತು. ಬೀಳಲಿ ಎಂದೇ ಬಿಟ್ಟೆವು. ಸುಳ್ಳು ಎಚ್ಚರಿಕೆಯಿಂದ ಒಂದು ಫ್ಲಾಟ್ ತಿರಸ್ಕೃತ ಟ್ರೇಗೆ ಹೋಗಿ ಮತ್ತೊಮ್ಮೆ ಬರುತ್ತದೆ, ಅಷ್ಟೇ. ಜೋಡಿಯಾಗಿ ದಾಟಿದ್ದರಲ್ಲಿ ಹಿಂದಿನದರ ವಿಳಾಸವನ್ನು ಯಾರೂ ಓದಿರುವುದಿಲ್ಲ. ಅದು ಮುಂದಿನದರ ಜೊತೆ ಇನ್ಯಾವುದೋ ರಾಜ್ಯಕ್ಕೆ ಹೋಗಿ ದಿನಗಟ್ಟಲೆ ಅಲೆಯುತ್ತದೆ. ಗ್ರಾಹಕರ ಕಡೆಯ ವ್ಯವಸ್ಥಾಪಕರು ಫ್ಲಾಟ್ ಬಾರದೆ ಖಾಲಿ ಬಿಟ್ಟುಹೋದ ಜಾಗಗಳನ್ನೇ ಎಣಿಸುತ್ತಿದ್ದರು, ಏಕೆಂದರೆ ಅವು ಪರದೆಯ ಮೇಲೆ ಕಾಣುತ್ತವೆ. ಜೋಡಿಗಳು ಕಾಣುವುದಿಲ್ಲ. ಈ ವಿಷಯದಲ್ಲಿ ಅವರೊಡನೆ ನಡೆದಷ್ಟು ವಾದ ಯಂತ್ರದ ಬೇರಾವ ಭಾಗದ ಬಗೆಗೂ ನಡೆಯಲಿಲ್ಲ.

ಚಳಿಗಾಲ ಬಂದಾಗ ಬೇರೆಯೇ ತೊಂದರೆ ಶುರುವಾಯಿತು. ಶಿಕಾಗೋದಲ್ಲಿ ಹೀಟರ್ ಹಾಕಿದ ಕಟ್ಟಡದೊಳಗಿನ ಗಾಳಿ ಬಹಳ ಒಣಗಿರುತ್ತದೆ, ಪ್ಲಾಸ್ಟಿಕ್ ಸುತ್ತಿದ ಪತ್ರಿಕೆಗಳು ಸ್ಥಿರವಿದ್ಯುತ್ತಿನಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಟ್ಟಿನ ಮೇಲ್ಭಾಗಕ್ಕೆ ಅಯಾನುಗಳನ್ನು ಬೀರುವ ಬಾರ್ ಅಳವಡಿಸಿದ್ದರಿಂದ ಸ್ವಲ್ಪ ಅನುಕೂಲವಾಯಿತು. ಕೋಣೆಯ ತೇವಾಂಶವನ್ನು ಹೆಚ್ಚಿಸಿದ್ದರಿಂದ ಅದಕ್ಕಿಂತ ಹೆಚ್ಚು ಅನುಕೂಲವಾಯಿತು. ಬೆಲ್ಟಿನದು ಇನ್ನೊಂದು ಕಥೆ. ಮ್ಯಾಗಜೀನಿನ ನುಣುಪು ಕಾಗದದ ಲೇಪನದಲ್ಲಿರುವ ಬಿಳಿ ಜೇಡಿಯ ಪುಡಿ ಬೆಲ್ಟಿನ ಮೇಲೆ ಕೂತು ಅದನ್ನು ಹೊಳೆಯುವಂತೆ ಮಾಡುತ್ತದೆ, ಹಿಡಿತ ದಿನದಿಂದ ದಿನಕ್ಕೆ ಇಳಿಯುತ್ತದೆ. ನೋಡಲು ಬೆಲ್ಟು ಹೊಸದರಂತೆಯೇ ಇರುತ್ತದೆ, ಉಗುರಿನಿಂದ ಕೆರೆದರೆ ಮಾತ್ರ ಬಿಳಿ ಗೆರೆ ಮೂಡುತ್ತದೆ. ಪಾಳಿ ಬದಲಾಗುವಾಗ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕೆಂಬ ಸಾಲನ್ನು ನಿರ್ವಹಣಾ ಕೈಪಿಡಿಯಲ್ಲಿ ಸೇರಿಸಿದೆವು.

ಮಿಶ್ರ ಅಂಚೆಯಲ್ಲಿ ಗಂಟೆಗೆ 10,000 ನಮಗೆ ನಿರಂತರವಾಗಿ ದಕ್ಕಲಿಲ್ಲ, ಒಂದೇ ಬಗೆಯ ಕ್ಯಾಟಲಾಗುಗಳ ಕಟ್ಟು ಬಂದಾಗ ಮಾತ್ರ ದಕ್ಕುತ್ತಿತ್ತು. ಬೆನ್ನೇ ಇಲ್ಲದೆ ಬರಿದೇ ಮಡಿಸಿ ಕಳಿಸುವ ಟ್ಯಾಬ್ಲಾಯ್ಡ್ ಗಾತ್ರದ ಜಾಹೀರಾತು ಪತ್ರಿಕೆಗಳನ್ನು ಫೀಡರಿಗೆ ಕೊಡುವುದನ್ನೇ ಬಿಟ್ಟು, ಅವನ್ನು ಮೊದಲೇ ಆರಿಸಿ ಪಕ್ಕದ ಮೇಜಿನಿಂದ ಕೈಯಲ್ಲಿ ಬೆಲ್ಟಿಗೆ ಹಾಕುವಂತೆ ಸಾಲಿನ ಬದಿಯಲ್ಲಿ ಒಂದು ತೆರಪನ್ನು ಬಿಟ್ಟುಕೊಟ್ಟೆವು.